ಬಸ್ಸಿನಲ್ಲಿ ಸಣ್ಣವ, ಟಾಕೀಸಿನಲ್ಲಿ ದೊಡ್ಡವ!

ಹುಲಕೋಟಿ ಬಸ್ ನಿಲ್ದಾಣ. ರವಿವಾರದ ಮಧ್ಯಾಹ್ನ. ಗದಗಿಗೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಿರಾಣಿ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಬಂದ ಯಜಮಾನರೊಬ್ಬರು ಹತ್ತುತ್ತಾರೆ. ಜೋಡಿ ಹೆಂಡತಿ, ಎಂಟು ವರ್ಷದ ಮಗಳು, ಹದಿನಾಲ್ಕರ ಮಗ. ಮಗನ ತುಟಿಯ ಮೇಲೆ ಆಗಲೇ ಕರಿ ಗೆರೆ ಮೂಡಿದೆ. ಕಂಡಕ್ಟರ್ ಬರುತ್ತಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಪ್ರಯಾಣ ಪುಕ್ಕಟೆ, ಆ ಮಾತಿಲ್ಲ. ಉಳಿದವರು ಅಪ್ಪ, ಮಗ.

“ಒಂದು ಫುಲ್, ಒಂದು ಹಾಫ್ ಕೊಡ್ರಿ.”

“ಹಾಫ್ ಯಾರಿಗ್ರಿ ಯಜಮಾನ್ರ?”

“ಇವಗ್ರಿ. ಇನ್ನೂ ಹನ್ನೆರಡು ತುಂಬಿಲ್ಲ.”

ಕಂಡಕ್ಟರ್ ಒಮ್ಮೆ ಹುಡುಗನ ಮೀಸೆ ನೋಡುತ್ತಾರೆ, ಒಮ್ಮೆ ಅಪ್ಪನ ಮುಖ ನೋಡುತ್ತಾರೆ. ಗದ್ದಲದಲ್ಲಿ ವಾದ ಯಾಕೆಂದು ಹಾಫ್ ಟಿಕೆಟ್ ಕೊಟ್ಟು ಮುಂದೆ ಹೋಗುತ್ತಾರೆ.

ಅರ್ಧ ತಾಸಿನ ಬಳಿಕ ಗದಗಿನ ಒಂದು ಟಾಕೀಸಿನ ಬಾಗಿಲು. ಕೈಯಲ್ಲಿ ನಾಲ್ಕು ಟಿಕೆಟ್ಟು.

“ಸಾವ್ಕಾರ್ರ, ಇದು ಎ ಪಿಚ್ಚರ್ ಐತ್ರಿ. ಹುಡುಗ್ರನ್ನ ಒಳಗ ಬಿಡಾಕ ಬರಂಗಿಲ್ಲ.”

“ಏ, ಇವಗ ಹದಿನೆಂಟು ಆಗೇತಿ ತಗೋರಿ. ಮೈ ಸಣ್ಣಂದು ಅಷ್ಟ.”

“ಹಂಗಾರ ಆಧಾರ್ ಕಾರ್ಡ್ ತೋರಿಸ್ರಿ. ಮತ್ತ ಈ ಕೂಸಿಗೂ ಹದಿನೆಂಟ ಏನ್ರಿ?”

ಸುತ್ತಲಿನ ಮಂದಿ ನಕ್ಕರು. ಯಜಮಾನರ ಮುಖ ಕೆಂಪಾಯಿತು. ಹುಡುಗ ಮಾತ್ರ ನಗಲಿಲ್ಲ. ಬಸ್ಸಿನಲ್ಲಿ ಹನ್ನೆರಡು ತುಂಬದವನು ಟಾಕೀಸಿಗೆ ಬರುವಷ್ಟರಲ್ಲಿ ಹದಿನೆಂಟು ದಾಟಿದ್ದನ್ನು ಅವನು ಕಿವಿಯಾರೆ ಕೇಳಿದ್ದ. ಪಿಚ್ಚರ್ ನೋಡುವ ಮುಂಚೆಯೇ ಅಪ್ಪನ ಎರಡು ಸುಳ್ಳು ನೋಡಿದ!

ಇದು ಒಂದು ಮನೆಯ ಕಥೆ ಎಂದು ಯಾರೂ ತಿಳಿಯಬಾರದು. ಹುಲಕೋಟಿಯಿಂದಲೋ ಲಕ್ಷ್ಮೇಶ್ವರದಿಂದಲೋ, ಶಿರಹಟ್ಟಿಯಿಂದಲೋ ಮುಂಡರಗಿಯಿಂದಲೋ ಮಕ್ಕಳನ್ನು ಕಟ್ಟಿಕೊಂಡು ಪಿಚ್ಚರಿಗೆ ಹೊರಡುವ ಯಾವ ಮನೆಗೂ ಈ ಪ್ರಸಂಗ ಬರಬಹುದು. ಹೊರಡುವ ಮುಂಚೆ ಹೀರೋ ಯಾರು ಎಂದು ಕೇಳುತ್ತಾರೆ, ಹಾಡು ಹೆಂಗದಾವ ಎಂದು ಕೇಳುತ್ತಾರೆ, ಕಡೇ ಬಸ್ಸು ಎಷ್ಟಕ್ಕೆ ಎಂದು ಕೇಳುತ್ತಾರೆ. ಪೋಸ್ಟರಿನ ಮೂಲೆಯಲ್ಲಿರುವ ಆ ಸಣ್ಣ ಅಕ್ಷರ ಏನೆಂದು ಕೇಳುವವರು ಎಷ್ಟು ಮಂದಿ?

ಅಕ್ಷರ ಎಲ್ಲಿಂದ ಬಂತು?

ಸಿನಿಮಾಕ್ಕೆ ಈ ಅಕ್ಷರ ಕೊಡುವುದು ಕೇಂದ್ರ ಸರ್ಕಾರದ ಮಂಡಳಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಅದಕ್ಕೆ ಆಧಾರ. ಬಹಳ ವರ್ಷ ಎರಡೇ ಅಕ್ಷರ ಇದ್ದವು. ‘ಯು’ ಅಂದರೆ ಎಲ್ಲರೂ ನೋಡಬಹುದು, ‘ಎ’ ಅಂದರೆ ವಯಸ್ಕರು ಮಾತ್ರ. ನಡುವೆ ಏನೂ ಇರಲಿಲ್ಲ. ಕೂಸಿಗೂ ಅಜ್ಜನಿಗೂ ಒಂದೇ ಅಳತೆಯ ಅಂಗಿ ಹೊಲಿಸಿದಂತೆ ಆಗಿತ್ತು.

1983ರ ಜೂನ್‌ನಲ್ಲಿ ಎರಡು ಬದಲಾವಣೆ ಬಂದವು. ‘ಸೆನ್ಸಾರ್ ಮಂಡಳಿ’ ಎಂಬ ಹೆಸರು ಹೋಗಿ ‘ಪ್ರಮಾಣೀಕರಣ ಮಂಡಳಿ’ ಎಂದಾಯಿತು. ಮಂದಿಯ ಬಾಯಲ್ಲಿ ಮಾತ್ರ ಇಂದಿಗೂ ಅದು ಸೆನ್ಸಾರೇ! ಎರಡನೆಯದಾಗಿ, ‘ಯುಎ’ ಮತ್ತು ‘ಎಸ್’ ಎಂಬ ಹೊಸ ಗುರುತು ಸೇರಿದವು. ಎಸ್ ಅಂದರೆ ವೈದ್ಯರಂಥ ವಿಶೇಷ ವರ್ಗದವರಿಗೆ ಮಾತ್ರ. ಊರ ಟಾಕೀಸಿನಲ್ಲಿ ಅದು ಕಾಣುವುದಿಲ್ಲ. ಯುಎ ಅಂದರೆ ಎಲ್ಲರೂ ನೋಡಬಹುದು, ಆದರೆ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತೋರಿಸಬೇಕೋ ಬೇಡವೋ ಎಂದು ತಂದೆ ತಾಯಿ ವಿಚಾರ ಮಾಡಬೇಕು.

ಅದೂ ಸಾಲದಾಯಿತು. ಐದರ ಕೂಸು, ಹನ್ನೊಂದರ ಹುಡುಗ ಇಬ್ಬರೂ ‘ಹನ್ನೆರಡರೊಳಗೆ’ ಎಂದರೆ ಹೇಗೆ? ಹದಿಮೂರು ತುಂಬಿದವನಿಗೆ ಹದಿನೆಂಟರವನ ಬುದ್ಧಿ ಬಂದುಬಿಡುತ್ತದೆಯೇ? ಮುಕುಲ್ ಮುದ್ಗಲ್ ಸಮಿತಿ 2013ರಲ್ಲಿ, ಶ್ಯಾಮ್ ಬೆನಗಲ್ ಸಮಿತಿ 2016ರಲ್ಲಿ ವಯಸ್ಸಿನ ಮೆಟ್ಟಿಲು ಹೆಚ್ಚಿಸಿರೆಂದು ಸಲಹೆ ಕೊಟ್ಟವು. ಕಡೆಗೆ 2023ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. 2024ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಹೊರಬಿದ್ದವು. ಒಂದೇ ಯುಎ ಇದ್ದದ್ದು ಮೂರಾಯಿತು. ಯುಎ 7+, ಯುಎ 13+, ಯುಎ 16+.

ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಪಟ್ಟಿ ಇಷ್ಟು:

ಯು: ಎಲ್ಲರಿಗೂ ಸರಿ.

ಯುಎ 7+: ಏಳರೊಳಗಿನ ಕೂಸುಗಳಿಗೆ ತೋರಿಸುವ ಮುಂಚೆ ಹಿರಿಯರು ವಿಚಾರ ಮಾಡಬೇಕು.

ಯುಎ 13+: ಹದಿಮೂರರೊಳಗಿನವರ ಬಗ್ಗೆ ವಿಚಾರ ಮಾಡಬೇಕು.

ಯುಎ 16+: ಹದಿನಾರರೊಳಗಿನವರ ಬಗ್ಗೆ ವಿಚಾರ ಮಾಡಬೇಕು.

ಎ: ಹದಿನೆಂಟು ತುಂಬದವರಿಗೆ ಪ್ರವೇಶವೇ ಇಲ್ಲ.

ಹಳೇ ಪಿಚ್ಚರುಗಳ ಮೇಲೆ ಸಂಖ್ಯೆ ಇಲ್ಲದ ಬರೀ ‘ಯುಎ’ ಕಂಡರೆ ಗಾಬರಿ ಬೇಡ. ಅದು ಹನ್ನೆರಡರ ಲೆಕ್ಕದ ಹಳೇ ಗುರುತು.

ಬಾಗಿಲು ಬೇರೆ, ಬುದ್ಧಿಮಾತು ಬೇರೆ

ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಎ ಅನ್ನುವುದು ಬಾಗಿಲು. ಅಪ್ಪ ಜೋಡಿಗಿರಲಿ, ಅಜ್ಜ ಜೋಡಿಗಿರಲಿ, ಹದಿನೆಂಟು ತುಂಬದವರನ್ನು ಬಿಡುವಂತಿಲ್ಲ. ಬಿಟ್ಟರೆ ಕೇಸು ಬೀಳುವುದು ಪಿಚ್ಚರ್ ತೋರಿಸಿದವರ ಮೇಲೆ. ಕಾಯ್ದೆಯ 7ನೇ ಕಲಂನಲ್ಲಿ ಅದಕ್ಕೆ ದಂಡನೆ ಇದೆ. ಬಾಗಿಲಲ್ಲಿ ನಿಂತವನು ‘ಬಿಡಾಕ ಬರಂಗಿಲ್ರಿ’ ಅಂದರೆ ಅದು ಅವನ ಸೊಕ್ಕಲ್ಲ. ಅವನು ತನ್ನ ಅನ್ನ ಕಾಯ್ದುಕೊಳ್ಳುತ್ತಿದ್ದಾನೆ. ಅವನೊಂದಿಗೆ ಜಗಳ ತೆಗೆಯುವ ಸಾವ್ಕಾರ್ರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಯುಎ ಹಾಗಲ್ಲ. ಅದು ಬುದ್ಧಿಮಾತು. ಯುಎ 16+ ಪಿಚ್ಚರಿಗೆ ಹತ್ತು ವರ್ಷದ ಮಗನನ್ನು ಅಪ್ಪ ಕರೆತಂದರೆ ಕಾಯ್ದೆ ತಡೆಯುವುದಿಲ್ಲ. “ಈ ಪಿಚ್ಚರಿನಲ್ಲಿ ಹದಿನಾರರೊಳಗಿನವರಿಗೆ ಭಾರವಾಗುವಂಥದ್ದು ಐತಿ. ನಿಮ್ಮ ಮಗ ಹೆಂಗ ತಾಳ್ಕೋತಾನ ನಿಮಗ ಗೊತ್ತು, ನೀವು ನೋಡ್ರಿ” ಎಂದು ಮಂಡಳಿ ಹೇಳಿ ಕೈ ಬಿಡುತ್ತದೆ. ಅಂದರೆ ಬಾಗಿಲು ಕಾಯುವ ಕೆಲಸ ಟಾಕೀಸಿನವನ ಕೈಯಿಂದ ಅಪ್ಪ-ಅವ್ವನ ಕೈಗೆ ಬಂತು! ಎ ಗುರುತಿಗಿಂತ ಯುಎ ಗುರುತೇ ಪಾಲಕರಿಗೆ ಹೆಚ್ಚಿನ ಜವಾಬ್ದಾರಿ. ಆದರೆ ನಡೆಯುವುದೇನು? ‘ಯುಎ ಅಂದ್ರ ಎಲ್ಲಾರಿಗೂ ನಡೀತದ’ ಎಂದು ಎರಡು ವರ್ಷದ ಕೂಸನ್ನೂ ಹೊತ್ತು ಒಳಗೆ ಹೋಗುತ್ತಾರೆ. ಕೊಡಲಿ ಎತ್ತಿದ ದೃಶ್ಯ ಬಂದಾಗ ಕೂಸು ಚೀರುತ್ತದೆ. ಅವ್ವ ಸೆರಗಿನಿಂದ ಅದರ ಕಣ್ಣು ಮುಚ್ಚುತ್ತಾಳೆ. ಕಣ್ಣು ಮುಚ್ಚಿದರೆ ಆಯಿತೇ? ಇಂದಿನ ಟಾಕೀಸಿನ ಸೌಂಡು ಎದೆಗೇ ಬಡಿಯುತ್ತದೆ.

ಹೀರೋ ನೋಡಿ ಟಿಕೆಟ್, ಅಕ್ಷರ ನೋಡುವುದಿಲ್ಲ

ಪಾಲಕರ ದೊಡ್ಡ ತಪ್ಪು ಹೆಸರಿನ ಮೇಲೆ ಭರವಸೆ ಇಡುವುದು. ‘ಕೆಜಿಎಫ್’ 2018ರಲ್ಲಿ ಬಂತು, ಅದರ ಎರಡನೇ ಭಾಗ 2022ರಲ್ಲಿ ಬಂತು. ಎರಡಕ್ಕೂ ಯುಎ. ಊರೂರಿನ ಹುಡುಗರು ಡೈಲಾಗು ಬಾಯಿಪಾಠ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಅದೇ ನಿರ್ದೇಶಕ ಪ್ರಶಾಂತ್ ನೀಲ್ ಅವರ ‘ಸಲಾರ್’ ಬಂತು. ಅದಕ್ಕೆ ಸಿಕ್ಕದ್ದು ಎ! ಕೆಜಿಎಫ್ ನೋಡಿದ ಹುಡುಗರಿಗೆ ಸಲಾರ್ ಬಾಗಿಲು ಮುಚ್ಚಿತು. ನಿರ್ದೇಶಕರು ಅವರೇ, ಅಕ್ಷರ ಬೇರೆ.

ರಿಷಬ್ ಶೆಟ್ಟಿಯವರದೂ ಹಾಗೆಯೇ. 2018ರ ಅವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಗಡಿನಾಡಿನ ಕನ್ನಡ ಶಾಲೆಯ ಕಥೆ, ಮನೆಮಂದಿಯೆಲ್ಲ ಕೂತು ನೋಡುವಂಥದ್ದು. ಅದೇ ನಿರ್ದೇಶಕರ ‘ಕಾಂತಾರ ಅಧ್ಯಾಯ 1’ 2025ರ ಅಕ್ಟೋಬರ್ 2ರಂದು, ದಸರಾ ರಜೆಯ ಹೊತ್ತಿಗೆ ತೆರೆ ಕಂಡಿತು. ಅದರ ಗುರುತು ಯುಎ 16+. ದೇವರು ದೈವದ ಪಿಚ್ಚರ್ ಅಲ್ಲವೇ, ಮಕ್ಕಳಿಗೆ ಒಳ್ಳೆಯದೇ ಎಂದು ಹೊರಡುವವರು ಆ ಸಂಖ್ಯೆ ನೋಡಿ ಒಂದು ಗಳಿಗೆ ನಿಲ್ಲಬೇಕು. ಚಿತ್ರ ಕೆಟ್ಟದ್ದು ಎಂದು ಅದರ ಅರ್ಥವಲ್ಲ. ಯುದ್ಧ, ರಕ್ತ ಎಲ್ಲಾ ವಯಸ್ಸಿಗೂ ಒಗ್ಗುವುದಿಲ್ಲ ಎಂದಷ್ಟೇ ಅರ್ಥ.

ಇನ್ನು ರಜನಿಕಾಂತ್. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, ಹಾಫ್ ಟಿಕೆಟ್ಟಿನ ವಯಸ್ಸು ಕೇಳಿ ಬಲ್ಲವರು! ಅವರ ಪಿಚ್ಚರ್ ಅಂದರೆ ಮನೆಮಂದಿಗೆಲ್ಲ ಹಬ್ಬ ಎಂಬ ನಂಬಿಕೆ. 2025ರ ಆಗಸ್ಟ್‌ನಲ್ಲಿ ಬಂದ ಅವರ ‘ಕೂಲಿ’ಗೆ ಮಂಡಳಿ ಎ ಕೊಟ್ಟಿತು. ನಿರ್ಮಾಪಕರು ಯುಎ ಬೇಕೆಂದು ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದರು. ಕೋರ್ಟು ಅರ್ಜಿ ತಳ್ಳಿಹಾಕಿತು. ಯಾಕೆ ಇಷ್ಟು ಹಟ? ಎ ಬಿದ್ದರೆ ಮಕ್ಕಳು ಬರುವಂತಿಲ್ಲ. ಮಕ್ಕಳಿಲ್ಲದಿದ್ದರೆ ಅಪ್ಪ-ಅವ್ವನೂ ಬರುವುದಿಲ್ಲ. ನಾಲ್ಕು ಟಿಕೆಟ್ಟಿನ ವ್ಯಾಪಾರ ಹೋಗುತ್ತದೆ. ಗಿರಾಕಿಯ ಬೆಲೆ ಏನೆಂದು ಅಂಗಡಿಕಾರರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಒಂದು ಅಕ್ಷರಕ್ಕಾಗಿ ನಿರ್ಮಾಪಕರು ಕೋರ್ಟಿಗೆ ಹೋಗುತ್ತಾರೆ. ರೊಕ್ಕ ಕೊಡುವ ಅಪ್ಪ ಮಾತ್ರ ಅದನ್ನು ಓದುವುದೇ ಇಲ್ಲ. ಇದು ಸೋಜಿಗವಲ್ಲದೆ ಮತ್ತೇನು?

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ‘ಎ ಪಿಚ್ಚರ್’ ಅಂದರೆ ಹೊಲಸು ಪಿಚ್ಚರ್ ಎಂಬ ಮಾತು ಈ ಭಾಗದಲ್ಲಿ ಬೇರು ಬಿಟ್ಟಿದೆ. ಒಂದು ಕಾಲಕ್ಕೆ ಗೋಡೆಗೆ ದೊಡ್ಡ ಎ ಅಕ್ಷರ ಬರೆದೇ ಮಂದಿಯನ್ನು ಸೆಳೆಯುತ್ತಿದ್ದರು. ಖರೆ ಹೇಳಬೇಕೆಂದರೆ ಎ ಗುರುತು ಬಡಿದಾಟ, ರಕ್ತಪಾತ, ಬೈಗುಳ, ಅಮಲು ಪದಾರ್ಥ, ಭಯ ಇಂಥ ಕಾರಣಕ್ಕೂ ಬೀಳುತ್ತದೆ. ‘ಹೊಲಸು ಏನೂ ಇಲ್ರಿ, ಬರೀ ಫೈಟಿಂಗು’ ಎಂದು ಮಕ್ಕಳನ್ನು ಕರೆದೊಯ್ಯುವ ಅಪ್ಪ ಇದನ್ನು ಅರಿಯಬೇಕು. ಹಾಗೆಯೇ ಯು ಅಂದಾಕ್ಷಣ ಮಕ್ಕಳಿಗಾಗಿಯೇ ಮಾಡಿದ ಚಿತ್ರ ಎಂದೇನಿಲ್ಲ. ಅಪಾಯವಿಲ್ಲ ಎಂದಷ್ಟೇ ಯು ಹೇಳುತ್ತದೆ. ಕೂಸಿಗೆ ಹಿಡಿಸೀತೇ ಎಂದು ಹೇಳುವುದಿಲ್ಲ.

ಏಳು, ಹದಿಮೂರು, ಹದಿನಾರು ಯಾಕೆ?

ಐದಾರು ವರ್ಷದ ಕೂಸಿಗೆ ಪರದೆಯ ಮೇಲಿನ ರಕ್ತ ಬಣ್ಣದ ನೀರು ಎಂದು ತಿಳಿಯುವುದಿಲ್ಲ. ಸತ್ತವನು ಸತ್ತೇ ಹೋದ ಎಂದು ತಿಳಿಯುತ್ತದೆ. ರಾತ್ರಿ ದೀಪ ಆರಿಸಿದರೆ ಆ ಮುಖ ಮತ್ತೆ ಬರುತ್ತದೆ. ‘ಯವ್ವಾ, ಅಂವ ಬಂದಾನ’ ಎಂದು ಎದ್ದು ಕೂಡುವ ಕೂಸಿಗೆ ಬೆಳಗಿನ ತನಕ ಜೋಗುಳ ಹಾಡಬೇಕಾದವಳು ಅವ್ವ. ಅಪ್ಪ ಪಿಚ್ಚರ್ ಚಲೋ ಇತ್ತು ಎಂದು ಗೊರಕೆ ಹೊಡೆಯುತ್ತಿರುತ್ತಾನೆ!

ಹತ್ತು ಹನ್ನೆರಡರ ಹುಡುಗನಿಗೆ ಅದು ಆಟ ಎಂದು ತಿಳಿಯುತ್ತದೆ. ಆದರೆ ಅವನು ನೋಡಿದ್ದನ್ನು ಮಾಡಿ ನೋಡುವ ವಯಸ್ಸಿನವನು. ಹೀರೋ ಹತ್ತು ಮಂದಿಯನ್ನು ಹೊಡೆದು ಎದ್ದು ಬಂದರೆ ಶಾಲೆಯ ಅಂಗಳದಲ್ಲಿ ಮರುದಿನ ಅದೇ ಆಟ. ಹದಿನಾಲ್ಕು ಹದಿನೈದರವನದು ಬೇರೆಯೇ ತೊಡಕು. ಅವನಿಗೆ ಹೆದರಿಕೆ ಇಲ್ಲ. ಆದರೆ ಗಂಡಸು ಅಂದರೆ ಹೀಗೇ ಇರಬೇಕು, ಹೆಣ್ಣುಮಗಳ ಹಿಂದೆ ಹೀಗೇ ಬೀಳಬೇಕು ಎಂದು ಪರದೆ ಹೇಳಿದ್ದನ್ನು ಗುಟ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವ ವಯಸ್ಸು ಅದು. ಮೂರು ವಯಸ್ಸಿಗೆ ಮೂರು ತೊಡಕು. ಮೂರು ಮೆಟ್ಟಿಲು ಬೇಕಾದದ್ದು ಅದಕ್ಕೇ.

ಸುಪ್ರೀಂ ಕೋರ್ಟು 1970ರಲ್ಲಿಯೇ ಇದನ್ನು ಎತ್ತಿ ಹೇಳಿತ್ತು. ಕೆ.ಎ. ಅಬ್ಬಾಸ್ ಅವರು ತಮ್ಮ ಕಿರುಚಿತ್ರದ ಸಂಬಂಧ ಹೂಡಿದ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಬೇರೆ ಕಲೆಗಳಿಗಿಂತ ಸಿನಿಮಾ ಮನಸ್ಸನ್ನು ಹೆಚ್ಚು ಕಲಕುತ್ತದೆ, ಆದ್ದರಿಂದ ವಯಸ್ಸಿಗೆ ತಕ್ಕಂತೆ ವಿಂಗಡಿಸುವುದು ತಪ್ಪಲ್ಲ ಎಂಬುದು ಅದರ ಸಾರ.

ಅಕ್ಷರವೇ ದೇವರಲ್ಲ

ಹಾಗೆಂದು ಮಂಡಳಿ ಹೇಳಿದ್ದೇ ವೇದವಾಕ್ಯವೇ? ಅಲ್ಲ. ಅದೂ ಮನುಷ್ಯರ ಸಮಿತಿ. ಪಿಚ್ಚರ್ ನೋಡಿ, ಚರ್ಚಿಸಿ, ಅಕ್ಷರ ಕೊಡುತ್ತಾರೆ. ಕತ್ತರಿ ಹಾಕಿದ್ದರೆ ಪ್ರಮಾಣಪತ್ರದ ಎಡಗಡೆ ಕೆಳಮೂಲೆಯಲ್ಲಿ ಒಂದು ತ್ರಿಕೋನ ಇರುತ್ತದೆ. ಆಟ ಶುರುವಾಗುವ ಮುಂಚೆ ಪರದೆಯ ಮೇಲೆ ಆ ಪತ್ರ ಬರುತ್ತದೆ, ಮುಂದಿನ ಸಲ ಕಣ್ಣಿಟ್ಟು ನೋಡಬಹುದು. ಕನ್ನಡದ ‘ಸಂಸ್ಕಾರ’ ಚಿತ್ರವನ್ನು 1970ರಲ್ಲಿ ಮದ್ರಾಸಿನ ಸೆನ್ಸಾರ್‌ನವರು ತಡೆದಿದ್ದರು. ತಡೆ ತೆರವಾಗಿ ಬಿಡುಗಡೆಯಾದ ಮೇಲೆ ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಗೆದ್ದಿತು! ಸಮಿತಿಯೂ ಎಡವುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಆದ್ದರಿಂದ ಅಕ್ಷರ ನೋಡಿ ಸುಮ್ಮನಾಗುವುದಲ್ಲ. ಅಕ್ಷರದಿಂದ ವಿಚಾರ ಶುರುವಾಗಬೇಕು. ಯುಎ 13+ ಎಂದಿದ್ದರೆ, ಯಾಕೆ? ಬಡಿದಾಟಕ್ಕೋ, ಬೈಗುಳಕ್ಕೋ, ದೆವ್ವಕ್ಕೋ? ಒಂದು ಕೂಸಿಗೆ ಬಡಿದಾಟ ನಡೆಯುತ್ತದೆ, ದೆವ್ವ ನಡೆಯುವುದಿಲ್ಲ. ಮೊನ್ನೆ ಮೊನ್ನೆ ಅಜ್ಜನನ್ನು ಕಳೆದುಕೊಂಡ ಕೂಸಿಗೆ ಸಾವಿನ ಚಿತ್ರ ಬೇಡವೇ ಬೇಡ. ಇದು ದಿಲ್ಲಿ, ಮುಂಬಯಿಯಲ್ಲಿ ಕೂತ ಮಂಡಳಿಗೆ ತಿಳಿಯುವ ಮಾತಲ್ಲ. ಹೆತ್ತವಳಿಗೆ ತಿಳಿಯುವ ಮಾತು.

ಪಾಲಕರು ಬಾಯಿ ಬಿಟ್ಟರೆ ಅಕ್ಷರವೂ ಬದಲಾಗುತ್ತದೆ. ಅಮೆರಿಕದಲ್ಲಿ 1984ರಲ್ಲಿ ‘ಇಂಡಿಯಾನಾ ಜೋನ್ಸ್’ ಸರಣಿಯ ಎರಡನೇ ಚಿತ್ರ ಮತ್ತು ‘ಗ್ರೆಮ್ಲಿನ್ಸ್’ ಬಂದವು. ಮಕ್ಕಳಿಗೆ ನಡೆಯುತ್ತದೆಂದು ಕರೆದೊಯ್ದ ತಂದೆ ತಾಯಿ ಒಳಗಿನ ಭಯಾನಕ ದೃಶ್ಯ ಕಂಡು ತಕರಾರು ಎತ್ತಿದರು. ಅದೇ ವರ್ಷ ಅಲ್ಲಿ ಹದಿಮೂರರ ಹೊಸ ಮೆಟ್ಟಿಲು ಹುಟ್ಟಿತು. ಭಾರತದಲ್ಲಿ ಅಂಥ ಮೆಟ್ಟಿಲು ಬರಲು 2023 ಆಗಬೇಕಾಯಿತು. ಇಲ್ಲಿಯ ಪಾಲಕರು ಟಾಕೀಸಿನ ಬಾಗಿಲಲ್ಲಿ ಜಗಳ ತೆಗೆದರೇ ಹೊರತು ಮಂಡಳಿಗೆ ಒಂದು ಕಾಗದ ಬರೆದವರು ಎಷ್ಟು ಮಂದಿ?

ಮನೆಯಲ್ಲಿ ಬಾಗಿಲು ಕಾಯುವವರು ಯಾರು?

ಟಾಕೀಸಿನಲ್ಲಿ ಒಬ್ಬ ಕಾವಲುಗಾರನಾದರೂ ಇದ್ದಾನೆ. ಮನೆಯಲ್ಲಿ? ಎ ಗುರುತಿನ ಚಿತ್ರ ಟಿವಿಯಲ್ಲಿ ಬರಬೇಕಾದರೆ ಮಂಡಳಿಯಿಂದ ಬೇರೆ ಪ್ರಮಾಣಪತ್ರ ಬೇಕು ಎಂದು 2023ರ ತಿದ್ದುಪಡಿ ಹೇಳಿದೆ. ಅದು ಸರಿ. ಆದರೆ ಟಿವಿಗಿಂತ ದೊಡ್ಡ ಟಾಕೀಸು ಈಗ ಅಪ್ಪನ ಕಿಸೆಯಲ್ಲಿದೆ. ಮೊಬೈಲ್!

ಮೊಬೈಲಿನಲ್ಲಿ ಚಂದಾ ಕಟ್ಟಿ ಪಿಚ್ಚರ್ ನೋಡುವ ಒಟಿಟಿ ಕಂಪನಿಗಳಿಗೂ 2021ರ ನಿಯಮಗಳು ಇವೇ ಮೆಟ್ಟಿಲು ಹಾಕಿವೆ. 7, 13, 16, ಎ. ಅಲ್ಲಿ ಇನ್ನೂ ಒಂದು ಅನುಕೂಲ ಇದೆ. ಹಿಂಸೆ, ಬೈಗುಳ, ಅಮಲು ಪದಾರ್ಥ ಎಂದು ಕಾರಣವನ್ನೂ ಬರೆಯಬೇಕು. 13+ ಮತ್ತು ಅದಕ್ಕೂ ಮೇಲಿನವಕ್ಕೆ ಪಾಲಕರು ಬೀಗ ಹಾಕುವ ಸೌಲಭ್ಯ ಕೊಡಬೇಕು. ಬೀಗ ಇದೆ. ಹಾಕಿದವರು ಎಷ್ಟು ಮಂದಿ? ಅಂಗಡಿಯ ಗಲ್ಲಾಪೆಟ್ಟಿಗೆಗೆ ದಿನಕ್ಕೆ ಹತ್ತು ಸಲ ಕೀಲಿ ಹಾಕುವ ಯಜಮಾನರು, ಅಳುವ ಕೂಸಿನ ಕೈಗೆ ಮೊಬೈಲ್ ಕೊಟ್ಟು ಗಿರಾಕಿಗೆ ಬೆಲ್ಲ ತೂಗುತ್ತಾರೆ. ಬೀಗ ಹಾಕಲು ಬಾರದಿದ್ದರೆ ನಾಚಿಕೆ ಬೇಡ. ಕಾಲೇಜಿಗೆ ಹೋಗುವ ಓಣಿಯ ಹುಡುಗಿಯನ್ನು ಕೇಳಿದರೆ ಐದು ನಿಮಿಷದ ಕೆಲಸ.

ಜಾತ್ರೆಯ ನಾಟಕಕ್ಕೆ ಅಕ್ಷರ ಇತ್ತೇ?

‘ನಮ್ಮ ಕಾಲಕ್ಕ ಈ ಯು, ಎ ಎಲ್ಲಾ ಎಲ್ಲಿತ್ರಿ?’ ಎಂದು ಕೇಳುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿಯೂ ಹುರುಳಿದೆ. ಗದಗ ಸೀಮೆ ಕಂಪನಿ ನಾಟಕದ ತವರು. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ನಾಟಕ ಬರೆದು ಆಡಿಸಿದ ನೆಲ ಇದು. ಬನಶಂಕರಿ ಜಾತ್ರೆಗೆ ಹೋದರೆ ಸಾಲು ಸಾಲು ನಾಟಕದ ಥೇಟರು. ಭಕ್ತಿಯ ನಾಟಕವೂ ಇರುತ್ತದೆ, ದ್ವಂದ್ವಾರ್ಥದ ಮಾತಿಗೆ ಸಿಳ್ಳೆ ಬೀಳುವ ನಾಟಕವೂ ಇರುತ್ತದೆ. ನಾಟಕಕ್ಕೆ ಸಿನಿಮಾದಂತೆ ವಯಸ್ಸಿನ ಗುರುತಿಲ್ಲ. ಆದರೂ ಅವ್ವಂದಿರು ಎಡವುತ್ತಿರಲಿಲ್ಲ. ಹೇಗೆ? ‘ಅಕ್ಕಾರ, ನಿನ್ನಿ ನಾಟಕ ನೋಡಿದ್ರಲ್ಲ, ಹುಡುಗ್ರನ್ನ ಕರ್ಕೊಂಡು ಹೋಗಬಹುದೇನ್ರಿ?’ ಎಂದು ಬಾಜೂ ಮನೆಯವರನ್ನು ಕೇಳುತ್ತಿದ್ದರು. ‘ಬ್ಯಾಡ್ರವ್ವ, ಆ ಕಾಮಿಕ್ಕಿನಾಂವ ಬಾಳ ಹೊಲಸು ಮಾತಾಡ್ತಾನ’ ಎಂದರೆ ಆ ನಾಟಕ ರದ್ದು. ಅದೇ ಊರ ಸೆನ್ಸಾರು!

ಆ ಸೆನ್ಸಾರು ಈಗಲೂ ಬೇಕು. ಅಕ್ಷರ ಒಂದು ಕೈ, ಕೇಳಿ ತಿಳಿಯುವುದು ಇನ್ನೊಂದು ಕೈ. ಚಪ್ಪಾಳೆಗೆ ಎರಡೂ ಬೇಕು.

ಹುಲಕೋಟಿ ಮಂದಿ ಮಾಡಬಹುದಾದದ್ದು

ಇದಕ್ಕೆ ಸರ್ಕಾರದ ಹಣ ಬೇಕಿಲ್ಲ. ಅಂಗಡಿಕಾರರು ಮತ್ತು ದಿನಾ ಬಸ್ಸಿನಲ್ಲಿ ಓಡಾಡುವವರು ಮನಸ್ಸು ಮಾಡಿದರೆ ಸಾಕು.

ಪೋಸ್ಟರ್ ಅಂಟಿಸುವುದು ಎಲ್ಲಿ? ಬಸ್ ನಿಲ್ದಾಣದ ಎದುರಿನ ಅಂಗಡಿಗಳ ಗೋಡೆಗೇ ಅಲ್ಲವೇ? ಜಾಹೀರಾತಿನಲ್ಲಿ ಪ್ರಮಾಣಪತ್ರದ ಗುರುತು ಇರಬೇಕೆಂದು ನಿಯಮವೇ ಇದೆ. ಪೋಸ್ಟರ್ ಹಚ್ಚುವ ಹುಡುಗ ಬಂದಾಗ ‘ಇದರಾಗ ಗುರುತು ಎಲ್ಲೈತಪಾ ತಮ್ಮಾ?’ ಎಂದು ಅಂಗಡಿಯವರು ಒಂದು ಮಾತು ಕೇಳಬಹುದು. ಒಂದರ ಮೇಲೊಂದು ಹಚ್ಚುವಾಗ ಆ ಮೂಲೆ ಮುಚ್ಚದಂತೆ ನೋಡಬಹುದು. ಬಾಜೂಕ ಸುಣ್ಣದಲ್ಲಿ ‘16ರೊಳಗಿನವರಿಗೆ ವಿಚಾರ ಮಾಡಿ ತೋರಿಸ್ರಿ’ ಎಂದು ಕನ್ನಡದಲ್ಲಿ ಬರೆದರಂತೂ ಪುಣ್ಯದ ಕೆಲಸ.

ಟಾಕೀಸಿನವರದೂ ಒಂದು ಕರ್ತವ್ಯ ಇದೆ. ಟಿಕೆಟ್ ಹರಿದು ಕೊಟ್ಟ ಮೇಲೆ ಬಾಗಿಲಲ್ಲಿ ತಡೆಯುವುದು ನ್ಯಾಯವಲ್ಲ. ಕಿಟಕಿಯಲ್ಲಿಯೇ, ಆರಡಿ ದೂರಕ್ಕೆ ಕಾಣುವಂತೆ, ಕನ್ನಡದಲ್ಲಿ ಗುರುತು ಬರೆದು ಹಾಕಬೇಕು. ‘ಮಕ್ಕಳು ಜೋಡಿ ಅದಾರೇನ್ರಿ?’ ಎಂದು ಟಿಕೆಟ್ ಕೊಡುವವರೇ ಕೇಳಬೇಕು. ದೂರದ ಹಳ್ಳಿಯಿಂದ ಬಸ್ಸಿಗೆ ಬಂದ ಕುಟುಂಬ ಬಾಗಿಲಲ್ಲಿ ಮುಖಭಂಗ ಉಂಡು ಹೋಗುವುದು ತಪ್ಪುತ್ತದೆ. ಸಂಬಂಧಪಟ್ಟವರು ಗಮನಿಸುವರೇ?

ಇನ್ನು ಬಸ್ಸಿನ ಮಂದಿ. ಮುಂಜಾನೆಯ ಗದಗ ಬಸ್ಸು, ಹುಬ್ಬಳ್ಳಿ ಬಸ್ಸು ಅಂದರೆ ಊರ ವರ್ತಮಾನ ಪತ್ರಿಕೆ. ಮೊದಲ ದಿನವೇ ಪಿಚ್ಚರ್ ನೋಡಿದವನು ಮರುದಿನ ಅಲ್ಲಿ ಇಡೀ ಕಥೆ ಒದರುತ್ತಾನೆ. ಫೈಟಿಂಗು ಎಷ್ಟು, ಹಾಡು ಎಷ್ಟು ಎಂದು ಹೇಳುವವನು ಕಡೆಗೆ ಒಂದು ಮಾತು ಸೇರಿಸಲಿ: ‘ಸಣ್ಣ ಹುಡುಗ್ರಿಗೆ ಬ್ಯಾಡ್ರಿ’ ಅಥವಾ ‘ಮನಿಮಂದಿ ಎಲ್ಲಾ ಹೋಗ್ರಿ’. ಹತ್ತು ಮನೆಗೆ ಉಪಕಾರ ಆಗುತ್ತದೆ.

ಹತ್ತು ಮಂದಿ ಕೂಡಿ ಒಬ್ಬರಿಗೊಬ್ಬರು ಆಗುವುದು ಈ ನೆಲಕ್ಕೆ ಹೊಸತಲ್ಲ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಒಬ್ಬ ರೈತನಿಗೆ ಸಿಗದ ಸಾಲ ಹತ್ತು ರೈತರು ಕೂಡಿದಾಗ ಸಿಕ್ಕಿತು. ಹುಲಕೋಟಿಯಂತೂ ಸಹಕಾರದಿಂದಲೇ ಹೆಸರು ಮಾಡಿದ ಊರು. ಸಾಲ, ಹತ್ತಿ, ನೂಲು ಎಲ್ಲದರಲ್ಲೂ ಕೂಡಿ ನಡೆದವರಿಗೆ, ಮಕ್ಕಳಿಗೆ ಯಾವ ಪಿಚ್ಚರ್ ಚಲೋ ಎಂದು ಕೂಡಿ ತಿಳಿಯುವುದು ದೊಡ್ಡ ಮಾತೇ?

ಕಡೇ ಬಸ್ಸು

ಮತ್ತೆ ಆ ಯಜಮಾನರ ಕಡೆ ಬರೋಣ. ಟಿಕೆಟ್ಟಿನ ರೊಕ್ಕ ವಾಪಸ್ ಕೊಡಿಸಿಕೊಳ್ಳಲು ಅರ್ಧ ತಾಸು ಹೋಯಿತು. ಮಗಳು ಅತ್ತಳು. ಹೆಂಡತಿ ಮಾತು ಬಿಟ್ಟಳು. ಮಿರ್ಚಿ ಭಜಿ ತಿಂದು ನಿಲ್ದಾಣಕ್ಕೆ ಬಂದು ಹುಲಕೋಟಿ ಬಸ್ಸು ಹತ್ತಿದರು. ಕಂಡಕ್ಟರ್ ಬಂದರು. ಅಪ್ಪ ಕಿಸೆಗೆ ಕೈ ಹಾಕುವ ಮುಂಚೆ ಮಗ ಮೆಲ್ಲಗೆ ಕೇಳಿದ:

“ಅಪ್ಪಾ, ಈಗ ನನಗ ಎಷ್ಟು ವರ್ಷ ಅಂತ ಹೇಳಲಿ?”

ಅಪ್ಪನಿಗೆ ಬಾಗಿಲಲ್ಲಿ ಆಗದ ನಾಚಿಕೆ ಆಗ ಆಯಿತು. “ಎರಡು ಫುಲ್ ಕೊಡ್ರಿ” ಎಂದರು.

ವಯಸ್ಸು ಸುಳ್ಳು ಹೇಳಿ ಉಳಿಸಿಕೊಳ್ಳುವ ಹಾಫ್ ಟಿಕೆಟ್ಟಲ್ಲ, ಸುಳ್ಳು ಹೇಳಿ ಗಿಟ್ಟಿಸಿಕೊಳ್ಳುವ ಪ್ರವೇಶವೂ ಅಲ್ಲ. ಹದಿನಾಲ್ಕು ಅಂದರೆ ಹದಿನಾಲ್ಕೇ. ಆ ವಯಸ್ಸಿಗೆ ತಕ್ಕ ಪಿಚ್ಚರ್ ಬೇಕಾದಷ್ಟಿವೆ. ಪೋಸ್ಟರಿನ ಮೂಲೆಯ ಆ ಸಣ್ಣ ಅಕ್ಷರವನ್ನು ಮುಂದಿನ ರವಿವಾರ ಬಸ್ಸು ಹತ್ತುವ ಮುಂಚೆ ಒಮ್ಮೆ ಓದಿದರೆ ಸಾಕು, ಅವುಗಳಲ್ಲಿ ಯಾವುದು ಎಂದು ತಿಳಿಯುತ್ತದೆ.